ಲೋಕಲ್ ಗಾಡಿಯಲ್ಲಿ ತೂಗುವ ಬೀಗದ ಕೈ

(ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸವಿದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳೇ,

ನನ್ನ ಕೈಯಲ್ಲಿ ಒಂದು ಲಿಂಬೆಹಣ್ಣಿದೆ. ಇದನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತೇನೆ. ನೋಡಿದಿರಲ್ಲ? ಈಗ ಒಂದು ಪ್ರಶ್ನೆ. ಹಣ್ಣು ನನ್ನ ಕೈ ಬಿಟ್ಟಾಗಿದೆ, ಇನ್ನೂ ಮೇಲಕ್ಕೆ ಏರುತ್ತಿದೆ, ತುದಿ ಮುಟ್ಟಿಲ್ಲ. ಆ ನಡುದಾರಿಯಲ್ಲಿ ಅದರ ಮೇಲೆ ಯಾವ ದಿಕ್ಕಿನ ಬಲ ಕೆಲಸ ಮಾಡುತ್ತಿದೆ? ಮೇಲ್ಮುಖವಾದ ಬಲ ಇದೆ ಎನ್ನುವವರು ಕೈ ಎತ್ತಿ.

ಸಭೆಯ ಮುಕ್ಕಾಲು ಪಾಲು ಕೈಗಳು ಮೇಲೆದ್ದಿವೆ. ಎಂಜಿನಿಯರಿಂಗ್ ಓದಿದವರ ಕೈಗಳೂ ಅದರಲ್ಲಿವೆ. ದಯವಿಟ್ಟು ಯಾರೂ ಸಂಕೋಚಪಡಬೇಡಿ. ಮೂವತ್ತು ವರ್ಷ ಇದೇ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟಿದ್ದೇನೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಇದೇ ಪ್ರಶ್ನೆ ಕೇಳುತ್ತಿದ್ದೆ, ಪ್ರತಿ ವರ್ಷ ಇಷ್ಟೇ ಕೈಗಳು ಏಳುತ್ತಿದ್ದವು. ಸರಿಯಾದ ಉತ್ತರ ಇದು: ಗಾಳಿಯ ಅಲ್ಪಸ್ವಲ್ಪ ತಡೆಯನ್ನು ಬಿಟ್ಟರೆ ಹಣ್ಣಿನ ಮೇಲಿರುವುದು ಒಂದೇ ಬಲ, ಭೂಮಿ ಅದನ್ನು ಕೆಳಕ್ಕೆಳೆಯುವ ಬಲ. ಏರುವಾಗಲೂ ಅದೇ, ತುದಿಯಲ್ಲೂ ಅದೇ, ಇಳಿಯುವಾಗಲೂ ಅದೇ. ನನ್ನ ಕೈ ಕೊಟ್ಟ ತಳ್ಳು ಕೈಯ ಸಂಪರ್ಕ ತಪ್ಪಿದ ಕ್ಷಣವೇ ಮುಗಿಯಿತು.

ಹಾಗಾದರೆ ಹಣ್ಣು ಮೇಲಕ್ಕೆ ಹೋಗುತ್ತಿರುವುದು ಹೇಗೆ? ಈ ಒಂದು ಪ್ರಶ್ನೆಯ ಸುತ್ತಲೇ ಈ ಸಂಜೆಯ ಮಾತು. ಏನಾದರೂ ಚಲಿಸುತ್ತಿದೆ ಎಂದರೆ ಅದನ್ನು ಯಾವುದೋ ಬಲ ಚಲಿಸುತ್ತಿರುವಂತೆ ಮಾಡುತ್ತಿದೆ ಎಂದು ನಮ್ಮ ಮನಸ್ಸು ನಂಬಿದೆ. ಆ ನಂಬಿಕೆ ತಪ್ಪು. ಚಲನೆ ಮುಂದುವರಿಯಲು ಬಲ ಬೇಕಾಗಿಲ್ಲ, ಬೇಕಾಗುವುದು ಚಲನೆ ಬದಲಾಗಲು. ಇಷ್ಟನ್ನು ಮೈಗೂಡಿಸಿಕೊಂಡರೆ ನ್ಯೂಟನ್‌ನ ನಿಯಮಗಳಲ್ಲಿ ಬಹುಪಾಲು ನಿಮ್ಮದಾದಂತೆಯೇ.

ಕೈ ಎತ್ತಿದವರಿಗೆ ಇನ್ನೊಂದು ಮಾತು. ನಿಮ್ಮ ಉತ್ತರಕ್ಕೆ ದೊಡ್ಡ ವಂಶಾವಳಿಯೇ ಇದೆ. ನಮ್ಮ ವೈಶೇಷಿಕ ದರ್ಶನದಲ್ಲಿ ಬಾಣದ ಚಲನೆಯ ಚರ್ಚೆ ಬರುತ್ತದೆ. ಬಿಲ್ಲಿನ ಹೆದೆ ಕೊಡುವ ಮೊದಲ ತಳ್ಳನ್ನು ಅವರು ನೋದನ ಎಂದರು. ಆಮೇಲೆ ಬಾಣದೊಳಗೆ ಉಳಿದು ಅದನ್ನು ಮುಂದೊಯ್ಯುವ ಗುಣವನ್ನು ಸಂಸ್ಕಾರ ಎಂದರು. ಆ ಸಂಸ್ಕಾರ ತೀರಿದಾಗ ಗುರುತ್ವದಿಂದ ಬಾಣ ಬೀಳುತ್ತದೆ ಎಂದರು. ಸಂಸ್ಕಾರದ ಒಂದು ಬಗೆಗೆ ಅವರು ಇಟ್ಟ ಹೆಸರೇ ವೇಗ. ನಾವು ಇಂದು ಪಠ್ಯಪುಸ್ತಕದಲ್ಲಿ ಓದುವ ವೇಗ, ಗುರುತ್ವ ಎಂಬ ಶಬ್ದಗಳು ಅಷ್ಟು ಹಳೆಯವು. 14ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ತತ್ವಜ್ಞಾನಿ ಬುರಿಡಾನ್ ಕೂಡ ಹತ್ತಿರ ಹತ್ತಿರ ಹೀಗೆಯೇ ಯೋಚಿಸಿದ: ಎಸೆದವನು ವಸ್ತುವಿನೊಳಗೆ ಏನನ್ನೋ ತುಂಬುತ್ತಾನೆ, ಅದೇ ಅದನ್ನು ಒಯ್ಯುತ್ತದೆ.

ನ್ಯೂಟನ್‌ನ ಮೂರು ನಿಯಮಗಳೂ ಈ ವೈಶೇಷಿಕ ದರ್ಶನದ ಮೂಲಪುರುಷ ಕಣಾದನಲ್ಲಿ ಅಕ್ಷರಶಃ ಇವೆ ಎನ್ನುವ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತದೆ. ನನಗೂ ಹಲವರು ಕಳುಹಿಸಿದ್ದಾರೆ. ಅದು ನಿಜವಲ್ಲ. ಅಷ್ಟು ಹಿಂದೆ ಹಾರುವ ಬಾಣವನ್ನು ನೋಡಿ, ಅದನ್ನು ಈಗ ಒಯ್ಯುತ್ತಿರುವುದು ಯಾವುದು ಎಂದು ಕೇಳಿದರಲ್ಲ, ಆ ಪ್ರಶ್ನೆಯ ಹಿರಿಮೆಯೇ ದೊಡ್ಡದು. ಇಲ್ಲದ ಉತ್ತರವನ್ನು ಅವರ ಬಾಯಲ್ಲಿ ಇಟ್ಟರೆ ಅವರು ನಿಜವಾಗಿ ಮಾಡಿದ ಯೋಚನೆಯನ್ನು ನಾವೇ ಅಳಿಸಿದಂತೆ. ನನಗೆ ಅದು ನೋವಿನ ಸಂಗತಿ.

ಈಗ ನಿಮ್ಮನ್ನು ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿಗೆ ಕರೆದೊಯ್ಯುತ್ತೇನೆ. ಇಲ್ಲಿರುವ ಹಿರಿಯರಲ್ಲಿ ಅನೇಕರಂತೆ ನಾನೂ ಊರಿನಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವನು. ಮೊದಲ ವಾರ ಕಾಫಿಯ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟರೆ ಅರ್ಧ ಕಾಫಿ ತಟ್ಟೆಯಲ್ಲೇ ಇರುತ್ತಿತ್ತು. ಚೆಲ್ಲದಿರಲಿ ಎಂದು ಇಡೀ ದಾರಿ ನಿಧಾನ ನಡೆದರೆ ಗಲ್ಲೆಯಲ್ಲಿ ಕುಳಿತ ಧಣಿಗಳಿಗೆ ಸಿಟ್ಟು. ಕುಂದಾಪುರದ ಕಡೆಯ ಒಬ್ಬ ಹಿರಿಯ ಮಾಣಿ ನನ್ನನ್ನು ಕರೆದು ಹೇಳಿದರು: "ತಮ್ಮಾ, ನಡುವೆ ಎಷ್ಟು ಬೇಕಾದರೂ ಜೋರಾಗಿ ಹೋಗು. ಹೊರಡುವಾಗ ಮೆಲ್ಲ ಹೊರಡು, ನಿಲ್ಲುವಾಗ ಮೆಲ್ಲ ನಿಲ್ಲು, ತಿರುಗುವಾಗ ಮೆಲ್ಲ ತಿರುಗು."

ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ವೇಗ ಕಾಫಿಯನ್ನು ಚೆಲ್ಲುವುದಿಲ್ಲ, ವೇಗದ ಬದಲಾವಣೆ ಚೆಲ್ಲುತ್ತದೆ. ಹೊರಡುವುದು ಒಂದು ಬದಲಾವಣೆ, ನಿಲ್ಲುವುದು ಇನ್ನೊಂದು, ತಿರುಗುವುದು ಮತ್ತೊಂದು. ಈ ಮೂರನ್ನೂ ಭೌತಶಾಸ್ತ್ರ ಒಂದೇ ಹೆಸರಿನಿಂದ ಕರೆಯುತ್ತದೆ, ವೇಗೋತ್ಕರ್ಷ. ಆ ಹಿರಿಯರು ನಾಲ್ಕನೆಯ ತರಗತಿ ದಾಟಿದವರಲ್ಲ. 1687ರಲ್ಲಿ ಪ್ರಕಟವಾದ ನ್ಯೂಟನ್‌ನ ಗ್ರಂಥದ ತಿರುಳು ಅವರ ಅಂಗೈಯಲ್ಲಿತ್ತು. ಈ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ದೇಹಕ್ಕೆ ಗೊತ್ತಿರುವ ಸಂಗತಿ ಬುದ್ಧಿಗೆ ತಲುಪಲು ದಾರಿ ಮಾಡಿಕೊಡುವುದೇ ಮೇಷ್ಟ್ರ ಕೆಲಸ ಎಂದು ನನಗೆ ಮನವರಿಕೆಯಾದದ್ದು ಆ ತಟ್ಟೆಯಿಂದಲೇ.

ರಾತ್ರಿಶಾಲೆಯಲ್ಲಿ ನನ್ನನ್ನು ಬಹಳ ಕಾಲ ದಾರಿ ತಪ್ಪಿಸಿದ್ದು ಒಂದು ಶಬ್ದ: ಜಡತ್ವ. ನಮ್ಮ ಭಾಷೆಯಲ್ಲಿ ಜಡ ಎಂದರೆ ಅಲುಗದ್ದು, ಚುರುಕಿಲ್ಲದ್ದು. ಊಟವಾದ ಮೇಲೆ ಮೈ ಜಡವಾಗುತ್ತದೆ. ಹಾಗಾಗಿ ಜಡತ್ವವೆಂದರೆ ಇದ್ದಲ್ಲೇ ಇರುವ ಸೋಮಾರಿತನ ಎಂದು ನಾನು ತಿಳಿದಿದ್ದೆ. ಓಡುತ್ತಿರುವ ರೈಲಿಗೂ ಜಡತ್ವ ಇದೆ ಎಂದು ಪುಸ್ತಕದಲ್ಲಿ ಓದಿದಾಗ ತಲೆ ಗೊಂದಲವಾಯಿತು. ಇದು ಕನ್ನಡದ ಕೊರತೆ ಎಂದುಕೊಳ್ಳಬೇಡಿ. ಇಂಗ್ಲಿಷಿನವರು ಬಳಸುವ ಇನರ್ಷಿಯಾ ಎಂಬ ಶಬ್ದವೂ ಲ್ಯಾಟಿನ್‌ನಲ್ಲಿ ಆಲಸ್ಯ ಎಂಬರ್ಥದ್ದೇ. ಅದನ್ನು ಭೌತಶಾಸ್ತ್ರಕ್ಕೆ ತಂದ ಖಗೋಳಜ್ಞ ಕೆಪ್ಲರ್, ದ್ರವ್ಯಕ್ಕೆ ನಿಲ್ಲುವ ಒಲವು ಇದೆ ಎಂಬ ಅರ್ಥದಲ್ಲೇ ಬಳಸಿದ. ಅದೇ ಶಬ್ದದೊಳಗೆ ಹೊಸ ಅರ್ಥವನ್ನು ಇಟ್ಟವನು ನ್ಯೂಟನ್: ನಿಂತದ್ದು ನಿಂತೇ ಇರಲು ನೋಡುತ್ತದೆ, ಓಡುತ್ತಿರುವುದು ಅದೇ ವೇಗದಲ್ಲಿ ಅದೇ ದಿಕ್ಕಿನಲ್ಲಿ ಓಡುತ್ತಲೇ ಇರಲು ನೋಡುತ್ತದೆ. ಇದೇ ಅವನ ಮೊದಲ ನಿಯಮ. ನಾನು ತರಗತಿಯಲ್ಲಿ ಜಡತ್ವವನ್ನು "ಇದ್ದಂತೆಯೇ ಇರುವ ಹಟ" ಎಂದು ಹೇಳುತ್ತಿದ್ದೆ. ಹಟಮಾರಿ ಮಗು ಕುಳಿತಿದ್ದರೆ ಏಳುವುದಿಲ್ಲ, ಆಡುತ್ತಿದ್ದರೆ ನಿಲ್ಲಿಸುವುದಿಲ್ಲ.

ಇಂಥ ತೊಡಕು ಇನ್ನೂ ಇದೆ. ಬಲ, ಶಕ್ತಿ, ಸಾಮರ್ಥ್ಯ ಮೂರೂ ದಿನಬಳಕೆಯಲ್ಲಿ ಒಂದೇ. ಭೌತಶಾಸ್ತ್ರದಲ್ಲಿ ಮೂರೂ ಬೇರೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತಾಯಂದಿರು ಇಷ್ಟು ನೆನಪಿಟ್ಟರೆ ಸಾಕು: ಬಲ ಎಂದರೆ ಒಂದು ವಸ್ತು ಇನ್ನೊಂದನ್ನು ತಳ್ಳುವುದು ಅಥವಾ ಎಳೆಯುವುದು. ಅದು ಇಬ್ಬರ ನಡುವೆ ನಡೆಯುವ ವ್ಯವಹಾರ, ಒಬ್ಬರ ಹತ್ತಿರ ಇಟ್ಟುಕೊಳ್ಳುವ ವಸ್ತುವಲ್ಲ. ಗಲ್ಲೆಯ ಪೆಟ್ಟಿಗೆಯಲ್ಲಿ ಇರುವ ಹಣವನ್ನು ವೇಗ ಎಂದುಕೊಳ್ಳಿ. ಗಿರಾಕಿ ಕೊಡುವುದು, ಧಣಿ ತೆಗೆಯುವುದು, ಇದು ಬಲ. ಯಾರೂ ಕೊಡದೆ, ಯಾರೂ ತೆಗೆಯದೆ ಇದ್ದರೆ ಪೆಟ್ಟಿಗೆಯ ಹಣ ಖಾಲಿಯಾಗುವುದಿಲ್ಲ, ಇದ್ದಷ್ಟೇ ಇರುತ್ತದೆ. ಲಿಂಬೆಹಣ್ಣಿಗೆ ನನ್ನ ಕೈ ಒಂದಿಷ್ಟು ವೇಗ ಕೊಟ್ಟಿತು. ಆಮೇಲೆ ಭೂಮಿ ಪ್ರತಿ ಸೆಕೆಂಡಿಗೆ 9.8 ಮೀಟರಿನಷ್ಟು ವೇಗವನ್ನು ತೆಗೆಯುತ್ತಾ ಹೋಯಿತು. ಪೆಟ್ಟಿಗೆ ಬರಿದಾದ ಕ್ಷಣವೇ ತುದಿ.

ಹಾಗಾದರೆ ತಳ್ಳುವುದನ್ನು ಬಿಟ್ಟ ಕೈಗಾಡಿ ಯಾಕೆ ನಿಲ್ಲುತ್ತದೆ, ಯಾರೂ ಏನನ್ನೂ ತೆಗೆಯಲಿಲ್ಲವಲ್ಲ ಎಂದು ನೀವು ಕೇಳಬೇಕು. ತೆಗೆಯುವವರು ಇದ್ದಾರೆ, ಕಾಣುವುದಿಲ್ಲ. ರಸ್ತೆಯ ಘರ್ಷಣೆ, ಅಚ್ಚಿನ ಘರ್ಷಣೆ, ಗಾಳಿ. ಎರಡು ಸಾವಿರ ವರ್ಷ ಅರಿಸ್ಟಾಟಲನ ಅನುಯಾಯಿಗಳು ಎಡವಿದ್ದು ಈ ಕಾಣದ ಕೈಗಳನ್ನು ಲೆಕ್ಕಕ್ಕೆ ಹಿಡಿಯದೆ. ಗೆಲಿಲಿಯೋ ಅವನ್ನು ಮನಸ್ಸಿನಲ್ಲೇ ಒಂದೊಂದಾಗಿ ಅಳಿಸುತ್ತಾ ಹೋದ. ನಯವಾದ ಇಳಿಜಾರಿನಲ್ಲಿ ಗುಂಡು ಉರುಳಿ ಬಂದು ಎದುರಿನ ಏರಿನಲ್ಲಿ ಹತ್ತುತ್ತದೆ, ಹೊರಟಷ್ಟೇ ಎತ್ತರಕ್ಕೆ ಹತ್ತಲು ನೋಡುತ್ತದೆ. ಎದುರಿನ ಏರನ್ನು ಸ್ವಲ್ಪ ಮಲಗಿಸಿದರೆ ಅದೇ ಎತ್ತರ ಮುಟ್ಟಲು ಇನ್ನೂ ದೂರ ಹೋಗಬೇಕು. ಇನ್ನೂ ಮಲಗಿಸಿದರೆ ಇನ್ನೂ ದೂರ. ಪೂರ್ತಿ ಮಲಗಿಸಿದರೆ? ಹತ್ತಲು ಎತ್ತರವೇ ಇಲ್ಲ, ಆದ್ದರಿಂದ ನಿಲ್ಲಲು ಕಾರಣವೂ ಇಲ್ಲ. ಈ ಯೋಚನೆಯ ಮುಂದೆ ನಾನು ಇಂದಿಗೂ ತಲೆಬಾಗುತ್ತೇನೆ. ಯಾವ ಪ್ರಯೋಗಶಾಲೆಯೂ ತೋರಿಸಲಾಗದ ಘರ್ಷಣೆಯಿಲ್ಲದ ಲೋಕವನ್ನು ಅವನು ಕಂಡದ್ದು ಒಂದು ಹಲಗೆಯ ಓರೆಯನ್ನು ಬದಲಿಸುತ್ತಾ.

ಈ ಹಲಗೆಯನ್ನು ನೀವೆಲ್ಲ ನೋಡಿದ್ದೀರಿ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕರ್ಜತ್‌ನಲ್ಲಿ ನಿಂತಾಗ ಹಿಂದುಗಡೆಯಿಂದ ಒಂದು ನೂಕು ಬರುತ್ತದೆ, ಚಹಾ ಅಲುಗುತ್ತದೆ. ಭೋರ್ ಘಾಟಿ ಹತ್ತಲು ಹಿಂದಿನಿಂದ ತಳ್ಳುವ ಎಂಜಿನ್‌ಗಳನ್ನು ಜೋಡಿಸುವ ಹೊತ್ತದು. 1863ರಲ್ಲಿ ತೆರೆದ ಆ ಹಳಿಯ ಕಡಿದಾದ ಏರು 37ಕ್ಕೆ 1: ಮುಂದಕ್ಕೆ 37 ಮೀಟರ್ ಹೋದರೆ ಮೇಲಕ್ಕೆ ಒಂದು ಮೀಟರ್. ಕಣ್ಣಿಗೆ ಏರು ಎನಿಸುವುದೇ ಇಲ್ಲ. ಆದರೆ 1000 ಟನ್ ಗಾಡಿಯಾದರೆ ಅದರ ತೂಕದ 37ನೆಯ ಒಂದು ಪಾಲು, ಅಂದರೆ ಸುಮಾರು 27 ಟನ್ ತೂಕದಷ್ಟು ಎಳೆತ ಹಿಮ್ಮುಖವಾಗಿ ಇದ್ದೇ ಇರುತ್ತದೆ. ವೇಗ ಹೆಚ್ಚಿಸುವ ಮಾತು ಹಾಗಿರಲಿ, ಇದ್ದ ವೇಗ ಉಳಿಯಬೇಕಾದರೂ ಎಂಜಿನ್‌ಗಳು ಅಷ್ಟು ಬಲ ಹಾಕಲೇಬೇಕು. ಸಮತಟ್ಟಿನ ಹಳಿಯಲ್ಲಿ ಈ ಬಾಬತ್ತು ಇಲ್ಲವೇ ಇಲ್ಲ.

ಇಳಿಯುವ ಗಾಡಿಯ ಕಥೆ ಇನ್ನೂ ಚೆಂದ. ಘಾಟಿ ಇಳಿಯುವಾಗ ಗಾಡಿಯೊಂದು ಹತೋಟಿ ತಪ್ಪಿದರೆ ಏನು ಗತಿ ಎಂದು ಯೋಚಿಸಿದವರು ಅಲ್ಲಲ್ಲಿ ಕವಲು ಹಳಿಗಳನ್ನು ಹಾಕಿದರು. ಆ ಕವಲು ಬೆಟ್ಟದ ಕಡೆಗೆ ಏರುತ್ತದೆ, ಅಲ್ಲಿಗೇ ಮುಗಿಯುತ್ತದೆ. ಓಡಿಬಂದ ಗಾಡಿಯನ್ನು ಅದಕ್ಕೆ ತಿರುಗಿಸಿದರೆ ಏರು ಹತ್ತುತ್ತಾ ಹತ್ತುತ್ತಾ ವೇಗ ಕಳೆದುಕೊಳ್ಳುತ್ತದೆ. ಗೆಲಿಲಿಯೋನ ಎದುರಿನ ಹಲಗೆ! ಮುಂದಿನ ಸಲ ಖಂಡಾಲದ ಜಲಪಾತಗಳನ್ನು ನೋಡುವಾಗ ಒಂದು ಕಣ್ಣು ಹಳಿಯ ಮೇಲೂ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಘರ್ಷಣೆಯೇ ಇಲ್ಲದ ಕಡೆ ಏನಾಗುತ್ತದೆ ಎಂದು ನೋಡಬೇಕೆ? 1977ರ ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ಹೊರಟ ವಾಯೇಜರ್-1 ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಅದನ್ನು ಮುಂದಕ್ಕೆ ನೂಕುವ ಎಂಜಿನ್ ಯಾವುದೂ ಉರಿಯುತ್ತಿಲ್ಲ. ಅದರಲ್ಲಿ ಉಳಿದಿರುವ ಇಂಧನ ಭೂಮಿಯ ಕಡೆಗೆ ಮುಖ ತಿರುಗಿಸಿಕೊಂಡಿರಲು ಮಾತ್ರ. ನಮ್ಮ ಲೋಕಲ್ ಗಾಡಿಯಲ್ಲೂ ಇದರ ಒಂದು ಚೂರು ಇದೆ. ಎರಡು ನಿಲ್ದಾಣಗಳ ನಡುವೆ ಮೋಟಾರಿನ ಸದ್ದು ಅಡಗಿ, ಚಕ್ರ ಹಳಿಯ ಸದ್ದು ಮಾತ್ರ ಉಳಿಯುವ ಒಂದು ಹೊತ್ತಿರುತ್ತದೆ. ಆಗ ಗಾಡಿ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಉಕ್ಕಿನ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ತಡೆ ಅಷ್ಟು ಕಡಿಮೆ.

ಲೋಕಲ್ ಗಾಡಿಯೊಳಗೇ ಇರೋಣ. ದಾದರ್‌ನಲ್ಲಿ ನಿಮ್ಮ ಗಾಡಿ ನಿಂತಿದೆ, ಪಕ್ಕದ ಹಳಿಯಲ್ಲಿ ಇನ್ನೊಂದು ನಿಂತಿದೆ. ಕಿಟಕಿಯಲ್ಲಿ ಎದುರಿನ ಗಾಡಿ ಹಿಂದಕ್ಕೆ ಜಾರತೊಡಗುತ್ತದೆ. ಹೊರಟದ್ದು ನಾವೋ ಅವರೋ? ಒಂದು ಕ್ಷಣ ಯಾರಿಗೂ ತಿಳಿಯುವುದಿಲ್ಲ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಇದೇ ಅನುಭವವನ್ನು ದೋಣಿಯಲ್ಲಿ ಇಟ್ಟು ಹೇಳಿದ: ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ನಿಂತ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ, ಹಾಗೆಯೇ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ನಮಗೆ ಕಾಣುತ್ತವೆ. ತಿರುಗುತ್ತಿರುವುದು ಭೂಮಿ. ಇದು ನಿಜವಾಗಿಯೂ ನಮ್ಮಲ್ಲಿ ಇರುವ ಮಾತು, ಇದನ್ನು ಹೆಮ್ಮೆಯಿಂದ ಮಕ್ಕಳಿಗೆ ಹೇಳಿ. 1632ರಲ್ಲಿ ಗೆಲಿಲಿಯೋ ಅದನ್ನು ಮುಂದುವರಿಸಿ, ಕಿಟಕಿ ಮುಚ್ಚಿದ ಹಡಗಿನ ಕೋಣೆಯೊಳಗೆ ಏನು ಮಾಡಿ ನೋಡಿದರೂ ಹಡಗು ನಿಂತಿದೆಯೋ ಸಮವೇಗದಲ್ಲಿ ಸಾಗುತ್ತಿದೆಯೋ ತಿಳಿಯದು ಎಂದು ತೋರಿಸಿದ. ಗಂಟೆಗೆ 72 ಕಿ.ಮೀ. ಓಡುವ ಗಾಡಿಯಲ್ಲಿ ನೀವು ನೆಲಗಡಲೆಯೊಂದನ್ನು ಮೇಲಕ್ಕೆ ಚಿಮ್ಮಿಸಿ ಅರ್ಧ ಸೆಕೆಂಡಿನಲ್ಲಿ ಹಿಡಿದರೆ, ಅಷ್ಟರಲ್ಲಿ ಗಾಡಿ 10 ಮೀಟರ್ ಮುಂದೆ ಹೋಗಿರುತ್ತದೆ. ಕಡಲೆ ಹಿಂದಿನ ಬೋಗಿಗೆ ಬೀಳುವುದಿಲ್ಲ, ನಿಮ್ಮ ಅಂಗೈಗೇ ಬರುತ್ತದೆ. ಗಾಡಿಯ ವೇಗ ಅದರ ಪೆಟ್ಟಿಗೆಯಲ್ಲಿ ಮೊದಲೇ ಇತ್ತು, ಯಾರೂ ತೆಗೆಯಲಿಲ್ಲ.

ಕಿಟಕಿ ಮುಚ್ಚಿದಾಗ ವೇಗ ತಿಳಿಯದು. ಆದರೆ ವೇಗದ ಬದಲಾವಣೆ ತಿಳಿಯುತ್ತದೆ, ಅದನ್ನು ಅಳೆಯಲೂಬಹುದು. ಅದಕ್ಕೆ ಬೇಕಾದ ಉಪಕರಣ ನನ್ನ ಜೇಬಿನಲ್ಲಿದೆ: ಒಂದು ಮೀಟರ್ ದಾರ, ತುದಿಯಲ್ಲಿ ಬೀಗದ ಕೈ. ಭಾನುವಾರ ಮಧ್ಯಾಹ್ನ ಜನ ಕಡಿಮೆ ಇರುವಾಗ ಇದನ್ನು ಮೇಲಿನ ಸರಳಿಗೆ ಕಟ್ಟಿ ಸುಮ್ಮನೆ ಕುಳಿತು ನೋಡಿ. ಗಾಡಿ ನಿಂತಾಗ ದಾರ ನೇರ. ಸಮವೇಗದಲ್ಲಿ ಓಡುವಾಗಲೂ ನೇರ, ಅದು ನೂರು ಕಿ.ಮೀ. ವೇಗವಾದರೂ ಸರಿ. ಹೊರಡುವಾಗ ಬೀಗದ ಕೈ ಹಿಂದಕ್ಕೆ ಓರೆಯಾಗುತ್ತದೆ. ಯಾಕೆ? ಗಾಡಿಯ ಜೊತೆ ಅದೂ ವೇಗ ಗಳಿಸಬೇಕು. ಅದನ್ನು ಮುಂದಕ್ಕೆ ಎಳೆಯಬಲ್ಲದ್ದು ದಾರ ಒಂದೇ. ನೇರ ನಿಂತ ದಾರ ಮೇಲಕ್ಕೆ ಮಾತ್ರ ಎಳೆದೀತು, ಮುಂದಕ್ಕೂ ಎಳೆಯಬೇಕಾದರೆ ಓರೆಯಾಗಲೇಬೇಕು.

ಓರೆ ಎಷ್ಟು ಎಂದು ಸ್ಕೇಲು ಹಿಡಿದು ಅಳೆಯಿರಿ. ಒಂದು ಮೀಟರ್ ದಾರದಲ್ಲಿ ಬೀಗದ ಕೈ 5 ಸೆಂಟಿಮೀಟರ್ ಹಿಂದೆ ಸರಿದಿದೆ ಎನ್ನೋಣ. ಅಂದರೆ ದಾರದ ಇಪ್ಪತ್ತನೆಯ ಒಂದು ಪಾಲು. ಹಾಗಾದರೆ ಗಾಡಿಯ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷದ ಇಪ್ಪತ್ತನೆಯ ಒಂದು ಪಾಲು, 9.8ನ್ನು 20ರಿಂದ ಭಾಗಿಸಿದರೆ ಸುಮಾರು 0.5. ಪ್ರತಿ ಸೆಕೆಂಡಿಗೂ ಗಾಡಿಯ ವೇಗಕ್ಕೆ ಸೆಕೆಂಡಿಗೆ ಅರ್ಧ ಮೀಟರ್ ಸೇರುತ್ತಿದೆ. 20 ಸೆಕೆಂಡಾದಾಗ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಚಾಲಕನ ಕೋಣೆಗೆ ಹೋಗದೆ, ಕಿಟಕಿಯಿಂದ ಹೊರಗೆ ನೋಡದೆ, ಒಂದು ದಾರದಿಂದ ಇಷ್ಟು ತಿಳಿಯಿತು. ಒಂದು ಬೀಗದ ಕೈಯ ಬದಲು ಇಡೀ ಗೊಂಚಲು ಕಟ್ಟಿದರೂ ಓರೆ ಅಷ್ಟೇ ಇರುತ್ತದೆ. ಭಾರವಾದದ್ದಕ್ಕೆ ಹೆಚ್ಚು ಬಲ ಬೇಕು, ಭೂಮಿ ಅದನ್ನು ಎಳೆಯುವುದೂ ಅಷ್ಟೇ ಹೆಚ್ಚು. ಎರಡೂ ಸಮನಾಗಿ ಕಳೆದುಹೋಗುತ್ತವೆ. 1971ರಲ್ಲಿ ಅಪೋಲೊ-15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೆ ನೆಲ ಮುಟ್ಟಿದ್ದು ಇದೇ ಕಾರಣಕ್ಕೆ.

ಬೀಗದ ಕೈಯ ಜಾಗದಲ್ಲಿ ಈಗ ನಿಮ್ಮನ್ನು ಇಡೋಣ. 60 ಕಿಲೋ ದ್ರವ್ಯರಾಶಿ, 0.5 ವೇಗೋತ್ಕರ್ಷ, ಗುಣಿಸಿದರೆ 30 ನ್ಯೂಟನ್. ಇದೇ ಎರಡನೆಯ ನಿಯಮ: ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ. ನ್ಯೂಟನ್ ಎಂಬ ಅಳತೆ ಎಷ್ಟು ದೊಡ್ಡದು ಎಂದರೆ, ಅಂಗೈ ಮೇಲೆ ಒಟ್ಟು ನೂರು ಗ್ರಾಂ ತೂಗುವ ಎರಡು ಇಡ್ಲಿ ಇಟ್ಟರೆ ಅವು ಒತ್ತುವುದು ಸುಮಾರು ಒಂದು ನ್ಯೂಟನ್. ಗಾಡಿ ಹೊರಡುವಾಗ ನಿಮಗೆ 30 ನ್ಯೂಟನ್ ಬಲವನ್ನು ಯಾರಾದರೂ ಮುಂದಕ್ಕೆ ಕೊಡಬೇಕು. ಕೈಹಿಡಿಯೋ, ಪಾದದಡಿಯ ನೆಲದ ಘರ್ಷಣೆಯೋ, ಬೆನ್ನ ಹಿಂದಿನವರೋ. ಯಾರೂ ಕೊಡದಿದ್ದರೆ ಗಾಡಿ ಮುಂದೆ ಹೋಗುತ್ತದೆ, ನೀವು ಇದ್ದಲ್ಲೇ ಉಳಿಯುತ್ತೀರಿ. ಹಿಂದಕ್ಕೆ ಬಿದ್ದೆ ಎಂದು ನಾವು ಹೇಳುವುದು ಇದಕ್ಕೇ. ನಿಮ್ಮನ್ನು ಯಾರೂ ಹಿಂದಕ್ಕೆ ತಳ್ಳಿರುವುದಿಲ್ಲ. ಬಸ್ಸು ತಿರುವಿನಲ್ಲಿ ನಮ್ಮನ್ನು ಹೊರಕ್ಕೆ ಎಸೆಯುತ್ತದೆ ಎನ್ನುವುದೂ ಹೀಗೆಯೇ. ಬಸ್ಸು ತಿರುಗಿತು, ನಾವು ನೇರ ಹೋಗುತ್ತಿದ್ದೆವು.

ಒಂದು ವಸ್ತು ಇನ್ನೊಂದನ್ನು ತಳ್ಳಿದರೆ ಆ ಇನ್ನೊಂದೂ ಮೊದಲಿನದನ್ನು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಳ್ಳುತ್ತದೆ ಎನ್ನುವ ಮೂರನೆಯ ನಿಯಮದ ಬಗ್ಗೆ ನನಗೆ ಒಂದು ತಕರಾರಿದೆ, ಅದು ನಿಯಮದ ಮೇಲಲ್ಲ, ನಾವು ಕೊಟ್ಟ ಹೆಸರಿನ ಮೇಲೆ. ಕ್ರಿಯೆ, ಪ್ರತಿಕ್ರಿಯೆ ಎಂದಾಗ ಮೊದಲು ಒಂದು ನಡೆದು ಆಮೇಲೆ ಇನ್ನೊಂದು ನಡೆಯುತ್ತದೆ ಎನಿಸುತ್ತದೆ. ಪತ್ರಿಕೆಯಲ್ಲಿ ಸಚಿವರ ಹೇಳಿಕೆಗೆ ವಿರೋಧ ಪಕ್ಷದ ಪ್ರತಿಕ್ರಿಯೆ ಮರುದಿನ ಬರುವ ಹಾಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಕರ್ಮಫಲದ ಜೊತೆಗೂ ಇದನ್ನು ಬೆರೆಸಿಬಿಡುತ್ತಾರೆ. ಹಾಗಲ್ಲ. ಎರಡೂ ಒಂದೇ ಕ್ಷಣದಲ್ಲಿ, ಆದರೆ ಬೇರೆ ಬೇರೆ ವಸ್ತುಗಳ ಮೇಲೆ. ಊರಿನ ಹೊಳೆಯಲ್ಲಿ ದೋಣಿ ದಾಟಿಸುವವರು ಗಳ ಊರಿ ನೆಲವನ್ನು ಹಿಂದಕ್ಕೆ ಒತ್ತುತ್ತಾರೆ. ನೆಲ ಗಳವನ್ನು ಮುಂದಕ್ಕೆ ಒತ್ತುತ್ತದೆ. ದೋಣಿಯನ್ನು ಮುಂದೊಯ್ಯುವುದು ನೆಲದ ಈ ತಳ್ಳು. ಲೋಕಲ್ ಗಾಡಿಯ ಚಕ್ರ ಹಳಿಯನ್ನು ಹಿಂದಕ್ಕೆ ಒತ್ತುತ್ತದೆ, ಹಳಿ ಚಕ್ರವನ್ನು ಮುಂದಕ್ಕೆ. ಮಳೆಯಲ್ಲಿ ಹಳಿ ಜಾರಿದರೆ ಮೋಟಾರು ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಅದಕ್ಕೇ ಎಂಜಿನ್‌ಗಳಲ್ಲಿ ಚಕ್ರದ ಮುಂದೆ ಉದುರಿಸಲು ಮರಳಿನ ಪೆಟ್ಟಿಗೆ ಇಟ್ಟಿರುತ್ತಾರೆ. ಘರ್ಷಣೆಯನ್ನು ನಾವು ಶತ್ರು ಎಂದು ಕಲಿಸುತ್ತೇವೆ. ಅದಿಲ್ಲದಿದ್ದರೆ ನಾವು ಈ ಸಭಾಂಗಣದಿಂದ ಬಾಗಿಲವರೆಗೂ ನಡೆಯಲಾರೆವು.

ಮಕ್ಕಳಿಗೆ, ಅವರ ತಂದೆತಾಯಿಯರಿಗೆ, ಒಂದು ಲೆಕ್ಕವನ್ನು ಮನಸ್ಸಿಟ್ಟು ಕೇಳಬೇಕೆಂದು ಬೇಡಿಕೊಳ್ಳುತ್ತೇನೆ. ಗಾಡಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿದೆ, ಅಂದರೆ ಸೆಕೆಂಡಿಗೆ 20 ಮೀಟರ್. ಮೋಟರ್‌ಮನ್ ಹಳಿಯ ಮೇಲೆ ಒಬ್ಬರನ್ನು ಕಂಡು ಬ್ರೇಕು ಹಾಕುತ್ತಾರೆ. ಪ್ರತಿ ಸೆಕೆಂಡಿಗೆ 0.8 ಮೀಟರಿನಷ್ಟು ವೇಗ ಕಳೆಯುತ್ತದೆ ಎಂದು ಹಿಡಿಯೋಣ. ಪೂರ್ತಿ ನಿಲ್ಲಲು 25 ಸೆಕೆಂಡು ಬೇಕು, ಅಷ್ಟರಲ್ಲಿ ಗಾಡಿ 250 ಮೀಟರ್ ಸಾಗಿರುತ್ತದೆ. 12 ಬೋಗಿಗಳ ಇಡೀ ಲೋಕಲ್ ಗಾಡಿಯ ಉದ್ದವೇ ಅದರ ಹತ್ತಿರ ಹತ್ತಿರ ಇದೆ. ವೇಗ ಅರ್ಧವಾಗಿದ್ದರೆ ದೂರ ಅರ್ಧವಲ್ಲ, ಕಾಲು ಭಾಗ. ದುಪ್ಪಟ್ಟಾದರೆ ನಾಲ್ಕು ಪಟ್ಟು. ಅವರು ನಿಲ್ಲಿಸಲಾರರು. ಅವರ ಕಣ್ಣು ಚುರುಕಾಗಿದ್ದರೂ, ಕೈ ಚುರುಕಾಗಿದ್ದರೂ, ಮನಸ್ಸು ಒಳ್ಳೆಯದಾಗಿದ್ದರೂ ನಿಲ್ಲಿಸಲಾರರು. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಒಂದು ಜುಲೈ ತಿಂಗಳ ನಂತರ ಏನನ್ನೂ ಬರೆಯಬೇಕಾಗಲಿಲ್ಲ. ಆ ಹುಡುಗನಿಗೆ ಈ ಸೂತ್ರ ಬಾಯಿಪಾಠವಾಗಿತ್ತು. ಅದು ಹಳಿಯ ಮೇಲೂ ನಿಜ ಎಂದು ನಾನು ಅವನಿಗೆ ಹೇಳಿರಲಿಲ್ಲ. ಅಂದಿನಿಂದ ಪ್ರತಿ ವರ್ಷ ಹೇಳಿದ್ದೇನೆ, ಇಂದೂ ಹೇಳುತ್ತಿದ್ದೇನೆ. ಸೇತುವೆ ಹತ್ತಿ ದಾಟಿ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಹಲವು ಪ್ರಶ್ನೆಗಳು ಬಂದವು. ಇದೊಂದನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ. ಇಪ್ಪತ್ತು ವರ್ಷಗಳಿಂದ ಡೊಂಬಿವಲಿಯಿಂದ ಕೆಲಸಕ್ಕೆ ಬಂದು ಹೋಗುವ ಒಬ್ಬ ಮಹಿಳೆ ಹಿಂದಿನ ಸಾಲಿನಿಂದ ಎದ್ದು ಕೇಳಿದರು.)

"ಸರ್, ಗಾಡಿ ನಿಲ್ಲಿಸಲು ಬ್ರೇಕು ಹಾಕಿದಾಗ ನಾವು ಮುಂದಕ್ಕೆ ವಾಲುತ್ತೇವೆ, ಅದು ಅರ್ಥವಾಯಿತು. ಆದರೆ ಗಾಡಿ ಪೂರ್ತಿ ನಿಂತ ಕ್ಷಣ ಹಿಂದಕ್ಕೆ ಒಂದು ಜೋಲಿ ಹೊಡೆಯುತ್ತದೆ. ಗಾಡಿ ಹಿಂದಕ್ಕೇನೂ ಹೋಗಿರುವುದಿಲ್ಲ. ಅದು ಯಾಕೆ?"

ಅಕ್ಕಾ, ಇಂಥ ಪ್ರಶ್ನೆಗಾಗಿ ಮೇಷ್ಟ್ರು ವರ್ಷಗಟ್ಟಲೆ ಕಾಯುತ್ತಾರೆ. ಬ್ರೇಕು ಹಿಡಿದಿರುವಷ್ಟು ಹೊತ್ತು ನೀವು ಬೀಳದಿರಲು ನಿಮಗೆ ಗೊತ್ತಿಲ್ಲದಂತೆಯೇ ಮೈಯನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿ ನಿಂತಿರುತ್ತೀರಿ. ಬೀಗದ ಕೈಯ ದಾರ ಓರೆಯಾದ ಹಾಗೆ, ನಿಮ್ಮ ಬೆನ್ನೂ ಓರೆ. ವೇಗ ಕಡಿಮೆಯಾಗುತ್ತಿರುವವರೆಗೆ ಆ ಓರೆಯೇ ಸಮತೋಲ. ವೇಗ ಸೊನ್ನೆ ಮುಟ್ಟಿದ ಕ್ಷಣ ಇನ್ನು ಕಡಿಮೆಯಾಗಲು ಏನೂ ಉಳಿದಿಲ್ಲ. ಅಷ್ಟು ಹೊತ್ತು ಇದ್ದ ಬದಲಾವಣೆ ಒಂದೇ ಕ್ಷಣದಲ್ಲಿ ಇಲ್ಲವಾಗುತ್ತದೆ. ನಿಮ್ಮ ಓರೆ ಮಾತ್ರ ಹಾಗೆಯೇ ಉಳಿದಿದೆ. ಇಲ್ಲದ ಬ್ರೇಕಿಗೆ ಒರಗಿ ನಿಂತವರು ಹಿಂದಕ್ಕೆ ಬೀಳದೆ ಇನ್ನೇನು ಮಾಡುತ್ತಾರೆ? ಪಳಗಿದ ಕೈಯ ಮೋಟರ್‌ಮನ್ ಆದರೆ ಕೊನೆಯ ಕೆಲವು ಮೀಟರುಗಳಲ್ಲಿ ಬ್ರೇಕನ್ನು ತುಸು ತುಸುವೇ ಸಡಿಲಿಸುತ್ತಾರೆ. ಅಂಥವರ ಗಾಡಿಯಲ್ಲಿ ಈ ಜೋಲಿ ಇರುವುದಿಲ್ಲ. ನಮ್ಮ ಕುಂದಾಪುರದ ಮಾಣಿಯ ನಿಲ್ಲುವ ರೀತಿ ಅದು.

ದಾರದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬ್ರೇಕು ಹಿಡಿದಾಗ ಮುಂದಕ್ಕೆ ಸರಿದು ನಿಂತ ಬೀಗದ ಕೈ, ಗಾಡಿ ನಿಂತೊಡನೆ ಹಿಂದಕ್ಕೆ ಬಂದು ತೂಗಾಡತೊಡಗುತ್ತದೆ. ಒಂದು ಮೀಟರ್ ದಾರವಾದರೆ ಒಮ್ಮೆ ಹೋಗಿ ಬರಲು ಎರಡು ಸೆಕೆಂಡು.

"ಹಾಗಾದರೆ ನಾಳೆ ನೋಡುತ್ತೇನೆ," ಎಂದರು ಅವರು. ನಾಳೆ ಸೋಮವಾರ, ಗಾಡಿಯಲ್ಲಿ ಕೈ ಎತ್ತಲೂ ಜಾಗವಿರುವುದಿಲ್ಲವಲ್ಲ ಎಂದೆ. ಬೆಳಗ್ಗೆ ಐದರ ಗಾಡಿಯಲ್ಲಿ ಜಾಗ ಇರುತ್ತದೆ ಎಂದರು. ಹೊರಡುವ ಮುನ್ನ ನನ್ನ ಜೇಬಿನಲ್ಲಿದ್ದ ದಾರವನ್ನು ಅವರಿಗೆ ಕೊಟ್ಟೆ. ಗಂಟು ಹಾಕಿ ಹಾಕಿ ಅದು ಎರಡು ಸೆಂಟಿಮೀಟರ್ ಗಿಡ್ಡವಾಗಿತ್ತು. 98 ಎಂದು ಲೆಕ್ಕ ಹಾಕಿ ಎಂದು ಹೇಳಿಯೇ ಕೊಟ್ಟೆ.